ಹಳೆಯ ಕಾರಿನ ಆಯಿಲ್ ಗೇಜ್: ಕಾಯ್ದದ್ದು ಇಂಜಿನ್ನೋ, ಕೆಟ್ಟದ್ದು ತಂತಿಯೋ?

ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರಿನ ಉತ್ಪಾದನೆ ಎಂದೋ ನಿಂತಿತು. ಆ ಮಹಾನಗರದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಸರಿಯಿತು. ನಾಸಿಕದ ನಮ್ಮ ಮನೆಯಂಗಳದಲ್ಲಿ ಮಾತ್ರ ಒಂದು ಪದ್ಮಿನಿ ಇನ್ನೂ ಓಡಾಡುತ್ತಿದೆ. ಇಂಜಿನ್ ಆಯಿಲಿನ ಉಷ್ಣಾಂಶ ತೋರಿಸುವ ಗೇಜ್ ಅದರಲ್ಲಿ ಮೂಲತಃ ಇರಲಿಲ್ಲ. ಘಾಟಿ ಪ್ರಯಾಣಕ್ಕೆ ಅನುಕೂಲವೆಂದು ನಾನೇ ಹಾಕಿಸಿದ್ದು.

ಕಳೆದ ವರ್ಷ ಸಂಸಾರಸಮೇತ ಛತ್ರಪತಿ ಸಂಭಾಜಿನಗರದ ಬಂಧುಗಳಲ್ಲಿಗೆ ಹೋಗಿ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸ ದೇವಾಲಯವನ್ನು ನೋಡಿಕೊಂಡು ಮರಳುತ್ತಿದ್ದೆವು. ವೈಜಾಪುರದ ಬಳಿ ಕತ್ತಲಾಯಿತೆಂದು ದೀಪ ಹಾಕಿದೆ. 90 ಡಿಗ್ರಿಯಲ್ಲಿದ್ದ ಮುಳ್ಳು ತಟ್ಟನೆ 115ಕ್ಕೆ ಜಿಗಿಯಿತು! ಗಾಬರಿಯಿಂದ ಕಾರು ನಿಲ್ಲಿಸಿದೆವು. ಮರುದಿನ ಗ್ಯಾರೇಜೊಂದರಲ್ಲಿ ಇಂಜಿನ್ ಬಿಚ್ಚಬೇಕೆಂದರು. ಅವರು ಹೇಳಿದ ಮೊತ್ತ ನನ್ನ ಒಂದು ತಿಂಗಳ ಸಂಬಳಕ್ಕೆ ಸಮೀಪವಿತ್ತು.

ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದಾಗ ಒಂದು ಸಂಗತಿ ಹೊಳೆಯಿತು. ಮೂರು ಲೀಟರಿನಷ್ಟು ಆಯಿಲ್ ಒಂದೇ ಕ್ಷಣದಲ್ಲಿ 25 ಡಿಗ್ರಿ ಕಾಯಲು ಸಾಧ್ಯವೇ? ಶಾಖ ನಿಧಾನವಾಗಿ ಏರುತ್ತದೆ, ನಿಧಾನವಾಗಿಯೇ ಇಳಿಯುತ್ತದೆ. ಹಾಗೆ ಜಿಗಿಯುವುದು ವಿದ್ಯುತ್ತು.

ಇಂತಹ ಗೇಜಿನ ಸೆನ್ಸರ್ ಆಯಿಲಿನಲ್ಲಿ ಮುಳುಗಿರುತ್ತದೆ. ಬಿಸಿ ಹೆಚ್ಚಿದಂತೆ ಅದರ ವಿದ್ಯುತ್ ರೋಧ ಕಡಿಮೆಯಾಗಿ, ಹೆಚ್ಚು ವಿದ್ಯುತ್ ಹರಿದು ಮುಳ್ಳು ಮೇಲೇರುತ್ತದೆ. ಈ ವಿದ್ಯುತ್ತು ಬ್ಯಾಟರಿಗೆ ಮರಳುವುದು ಇಂಜಿನ್ನಿನ ಲೋಹದ ಮೂಲಕ. ಇಂಜಿನ್ನನ್ನೂ ಕಾರಿನ ಮೈಯನ್ನೂ ಜೋಡಿಸುವ ಹೆಣೆದ ತಾಮ್ರದ ಅರ್ತ್ ಪಟ್ಟಿ ಕಿಲುಬು ಹಿಡಿದಿದ್ದರೆ, ದೀಪ ಹಾಕಿದಾಗ ಅಲ್ಲಿ ವೋಲ್ಟೇಜ್ ಏರುಪೇರಾಗಿ ಮುಳ್ಳು ಸುಳ್ಳು ಹೇಳುತ್ತದೆ. ಸೆನ್ಸರಿನ ಮರೆಗೆ ಸೋರಬಾರದೆಂದು ಬಿಳಿಯ ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಿದರೂ ಅರ್ತ್ ಕೆಡಬಹುದು. ಆಗ ಮುಳ್ಳು ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ಅದು ಇನ್ನೂ ಅಪಾಯ.

ಪರೀಕ್ಷೆ ಸುಲಭ. ಬ್ಯಾಟರಿಯ ನೆಗೆಟಿವ್ ತುದಿಯಿಂದ ಇಂಜಿನ್ನಿಗೆ ದಪ್ಪನೆಯ ತಂತಿಯೊಂದನ್ನು ನೇರವಾಗಿ ಜೋಡಿಸಿ ದೀಪ ಹಾಕಿ ನೋಡಿದೆ, ಮುಳ್ಳು ಅಲುಗಲಿಲ್ಲ. ಪಟ್ಟಿಯನ್ನು ಬಿಚ್ಚಿದಾಗ ಬೋಲ್ಟಿನ ಕೆಳಗೆ ಹಳೆಯ ಬಣ್ಣ, ತುಕ್ಕು. ಉಪ್ಪುಕಾಗದದಿಂದ ಉಜ್ಜಿ ಬಿಗಿಮಾಡಿದೆ. ಸಂಬಳ ಉಳಿಯಿತು!

ಸೆನ್ಸರ್ ಬಗೆಗೇ ಅನುಮಾನವಿದ್ದರೆ, ಇಂಜಿನ್ ತಣಿದ ಮೇಲೆ ಆಯಿಲ್ ಇಳಿಸಿ ಅದನ್ನು ಬಿಚ್ಚಿರಿ. ಅದರ ಮೈಗೆ ಅರ್ತ್ ತಂತಿ ಕೊಟ್ಟು, ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿರಿ. (ಹಳೆಯ ಪಾತ್ರೆಯನ್ನೇ ಬಳಸಿರಿ, ನನ್ನ ಮನೆಯಲ್ಲಿ ಇದಕ್ಕಾಗಿಯೇ ವಾಗ್ವಾದವಾಯಿತು.) ನಮ್ಮ ಈ ಎರಡೂ ಊರುಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ, 100 ತೋರಲಿಲ್ಲವೆಂದು ಗೇಜನ್ನು ದೂರಬೇಡಿ.

ಆದರೆ ಎಲ್ಲ ಏರಿಕೆಯೂ ಸುಳ್ಳಲ್ಲ. ಬೇಸಿಗೆಯಲ್ಲಿ ಕಸಾರಾ ಘಾಟಿ ಹತ್ತುವಾಗ ಮುಳ್ಳು ನಿಧಾನವಾಗಿ 120 ದಾಟಿತೆಂದರೆ ನಂಬಲೇಬೇಕು. ಜೊತೆಗೆ ಆಯಿಲ್ ಒತ್ತಡದ ಕೆಂಪು ದೀಪವೂ ಮಿನುಗಿದರೆ, ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯುತ್ತಿಲ್ಲವೆಂದು ತಿಳಿದು ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿರಿ. ತಣಿದ ಬಳಿಕ ಮೊದಲು ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿರಿ.