ವೇಕ್‌ಬೋರ್ಡ್ ಕೊಳ್ಳುವ ಮುನ್ನ ಲೈಫ್ ಜಾಕೆಟ್ ನೋಡಿ

ಮುಲ್ಕಿಯಲ್ಲಿ ಸರ್ಫಿಂಗ್ ಶುರುವಾಗಿ ಎರಡು ದಶಕ ಆಯಿತು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೂ ನಡೆದಿತ್ತು. ಹಾಗಾಗಿ ಕರಾವಳಿಯ ಹುಡುಗರಿಗೆ ಸರ್ಫಿಂಗ್ ಹಲಗೆ ಹೊಸತಲ್ಲ. ಆದರೆ ವೇಕ್‌ಬೋರ್ಡ್ ಬೇರೆಯೇ ಸಾಮಾನು. ಇಲ್ಲಿ ತಳ್ಳಲು ಅಲೆ ಇಲ್ಲ, ಬೋಟ್ ಅಥವಾ ಕೇಬಲ್ ಹಗ್ಗದಿಂದ ಎಳೆಯುತ್ತದೆ. ಎರಡೂ ಕಾಲು ಹಲಗೆಗೆ ಬಿಗಿದಿರುತ್ತವೆ. ವೇಗ ಗಂಟೆಗೆ 30 ಕಿ.ಮೀ. ಆಸುಪಾಸು. ಆ ವೇಗದಲ್ಲಿ ಬಿದ್ದರೆ ನೀರು ಕೂಡ ಗಟ್ಟಿ ನೆಲದ ಹಾಗೆ ಹೊಡೆಯುತ್ತದೆ.

ಹೆಚ್ಚಿನವರು ಮೊದಲು ನೋಡುವುದು ಹಲಗೆಯ ಬಣ್ಣ, ಬ್ರ್ಯಾಂಡ್. ಮೊದಲು ನೋಡಬೇಕಾದದ್ದು ಎದೆಗೆ ಕಟ್ಟುವ ಜಾಕೆಟ್. ಅಂಗಡಿಯಲ್ಲಿ ಒಂದೇ ಥರ ಕಾಣುವ ಎರಡು ಸಾಮಾನು ಉಂಟು. ಒಂದು ಇಂಪ್ಯಾಕ್ಟ್ ವೆಸ್ಟ್: ತೆಳ್ಳಗೆ, ಚಂದ. ಅದು ಬಿದ್ದಾಗ ಪಕ್ಕೆಲುಬಿಗೆ ಪೆಟ್ಟು ಕಡಿಮೆ ಮಾಡುತ್ತದೆ, ಆದರೆ ಹೆಚ್ಚಿನವು ಮನುಷ್ಯನನ್ನು ತೇಲಿಸುವ ಪ್ರಮಾಣಪತ್ರ ಪಡೆದವಲ್ಲ. ಇನ್ನೊಂದು ನಿಜವಾದ ತೇಲುವ ಜಾಕೆಟ್. ಅದರ ಒಳಗಿನ ಲೇಬಲ್‌ನಲ್ಲಿ ಐಎಸ್‌ಒ 12402 ಎಂದೂ, 50 ನ್ಯೂಟನ್ ಅಥವಾ 100 ನ್ಯೂಟನ್ ಎಂದೂ ಬರೆದಿರುತ್ತದೆ. 50 ಎಂದರೆ ಈಜು ಬರುವವರಿಗೆ, ಅದೂ ಸಹಾಯ ಹತ್ತಿರದಲ್ಲೇ ಇದ್ದಾಗ. ಪ್ರಜ್ಞೆ ತಪ್ಪಿದವನ ಮುಖವನ್ನು ಅದು ಮೇಲಕ್ಕೆ ತಿರುಗಿಸುತ್ತದೆಂದು ನಂಬುವಂತಿಲ್ಲ. ಆ ಕೆಲಸಕ್ಕೆಂದೇ ಮಾಡಿದ್ದು 100ರದ್ದು. ಈಜು ಬಾರದವರು 50ರದ್ದನ್ನು ನಂಬಿ ನದಿಗೆ ಇಳಿಯುವುದು ಬೇಡವೇ ಬೇಡ.

ಇನ್ನು ಹಲಗೆ. ಅದರ ಉದ್ದವನ್ನು ಎತ್ತರ ನೋಡಿ ಅಲ್ಲ, ತೂಕ ನೋಡಿ ಆರಿಸಬೇಕು. 60ರಿಂದ 80 ಕಿಲೋ ತೂಗುವವರಿಗೆ ಸುಮಾರು 135ರಿಂದ 139 ಸೆಂಟಿಮೀಟರ್, ಅದಕ್ಕಿಂತ ಭಾರದವರಿಗೆ 140ರ ಮೇಲೆ. ಕಲಿಯುವವರಿಗೆ ಸ್ವಲ್ಪ ಉದ್ದದ್ದೇ ಒಳ್ಳೆಯದು, ನೀರಿನಿಂದ ಏಳುವುದು ಸುಲಭ. ಹಲಗೆಯ ಬಾಗು ಒಂದೇ ಸಮನೆ ಇದ್ದರೆ ಓಟ ನಯವಾಗಿರುತ್ತದೆ. ನಡುವೆ ಚಪ್ಪಟೆಯಾಗಿದ್ದು ತುದಿಗಳು ಥಟ್ಟನೆ ಮೇಲೆದ್ದಿದ್ದರೆ ಜಿಗಿತ ಜೋರು, ಇಳಿಯುವಾಗ ಪೆಟ್ಟೂ ಜೋರು.

ಗಲ್ಫ್‌ನಿಂದ ಸೆಕೆಂಡ್ ಹ್ಯಾಂಡ್ ತರುವವರು ಎಡವುವುದು ಇಲ್ಲಿಯೇ. ಅಬುಧಾಬಿಯ ಅಲ್ ಫೋರ್ಸಾನ್‌ನಂಥ ಕಡೆ ಕೇಬಲ್ ಎಳೆಯುತ್ತದೆ. ಕೇಬಲ್ ಹಲಗೆಯ ಅಡಿ ಗಟ್ಟಿ ಇರುತ್ತದೆ, ಅನೇಕ ಹಲಗೆಗಳಿಗೆ ಫಿನ್ ಇರುವುದೇ ಇಲ್ಲ. ಅದನ್ನೇ ಊರಿನ ನದಿಯಲ್ಲಿ ಬೋಟ್ ಹಿಂದೆ ಕಟ್ಟಿದರೆ ಹೊಸಬರಿಗೆ ಹಿಡಿತ ಸಿಗದೆ ಅಡ್ಡಡ್ಡ ಜಾರುತ್ತದೆ. ಬೋಟ್ ಹಲಗೆಯನ್ನು ಕೇಬಲ್ ಪಾರ್ಕಿನ ಅಡೆತಡೆಗಳ ಮೇಲೆ ಉಜ್ಜಿದರೆ ಅಡಿಯೇ ಹಾಳು. ಕೊಳ್ಳುವ ಮೊದಲು ಎಲ್ಲಿ ಆಡುವುದು ಎಂದು ತೀರ್ಮಾನ ಆಗಿರಬೇಕು. ಇಷ್ಟು ಉದ್ದದ ಸಾಮಾನಿಗೆ ವಿಮಾನದಲ್ಲಿ ಬೇರೆ ದರ ಬೀಳಬಹುದು. ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳದಿದ್ದರೆ ಅಗ್ಗದ ಹಲಗೆ ದುಬಾರಿಯಾಗುತ್ತದೆ.

ಕಾಲು ಹಿಡಿಯುವ ಬೈಂಡಿಂಗ್‌ನಲ್ಲಿ ಬೆರಳು ಹೊರಗಿರುವ ತೆರೆದ ಬಗೆ ಅಣ್ಣ ತಮ್ಮಂದಿರು ಹಂಚಿಕೊಳ್ಳಲು ಅನುಕೂಲ. ಹಿಮ್ಮಡಿ ಎದ್ದರೆ ಸಡಿಲ, ಬೆರಳು ಜೋಮು ಹಿಡಿದರೆ ಬಿಗಿ.

ಹಗ್ಗದಲ್ಲಿ ಉಳಿತಾಯ ಮಾಡುವವರು ಬಹಳ. ಮೀನುಗಾರಿಕೆ ಸಾಮಾನಿನ ಅಂಗಡಿಯ ನೈಲಾನ್ ಹಗ್ಗ ಇದಕ್ಕೆ ಆಗುವುದಿಲ್ಲ. ನೈಲಾನ್ ಹಿಗ್ಗುತ್ತದೆ, ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ. ನೀರಲ್ಲಿ ಮುಳುಗುವುದರಿಂದ ಪ್ರೊಪೆಲ್ಲರ್‌ಗೂ ಸುತ್ತಿಕೊಳ್ಳಬಹುದು. ಹಿಗ್ಗದ, ತೇಲುವ ವೇಕ್‌ಬೋರ್ಡ್ ಹಗ್ಗವೇ ಬೇಕು. ಬೋಟ್‌ನಲ್ಲಿ ಓಡಿಸುವವನಲ್ಲದೆ ಹಿಂದೆ ನೋಡಲಿಕ್ಕೆ ಇನ್ನೊಬ್ಬ ಇರಲೇಬೇಕು.

ಬಟ್ಟೆಯ ಬಗ್ಗೆ ಹುಡುಗಿಯರೂ ಹುಡುಗರೂ ಕೇಳುವುದುಂಟು. ಮೈ ಮುಚ್ಚಬೇಕೆಂದು ಜೀನ್ಸ್, ಹತ್ತಿಯ ಸಡಿಲ ಕಮೀಜ್ ಹಾಕಿದರೆ ನೀರು ಕುಡಿದು ಭಾರವಾಗುತ್ತದೆ, ಹಗ್ಗಕ್ಕೂ ಸಿಕ್ಕಿಕೊಳ್ಳುತ್ತದೆ. ಪೂರ್ತಿ ತೋಳಿನ ರ‍್ಯಾಶ್ ಗಾರ್ಡ್, ಉದ್ದದ ಈಜು ಪ್ಯಾಂಟ್, ತಲೆಗೆ ಪಿನ್ ಇಲ್ಲದ ಈಜು ಹಿಜಾಬ್ ಸಿಗುತ್ತವೆ. ಅದರ ಮೇಲೆ ಜಲಕ್ರೀಡೆಯ ಹೆಲ್ಮೆಟ್, ಬೈಕಿನದ್ದಲ್ಲ.

ಜಾಕೆಟ್ ಸರಿಯಾಗಿದೆಯೇ ಎಂದು ಅಂಗಡಿಯಲ್ಲೇ ನೋಡಬಹುದು. ಎಲ್ಲ ಬಕಲ್ ಹಾಕಿ ಕೈ ಎತ್ತಬೇಕು, ಜೊತೆಯವರು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಬೇಕು. ಜಾಕೆಟ್ ಕಿವಿಯ ತನಕ ಬಂದರೆ ಅದು ದೊಡ್ಡದು, ಒಂದು ಸೈಜ್ ಚಿಕ್ಕದು ಕೇಳಿ.