ಬೆರಳಿನ ಪಸೆ

ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅಮ್ಮನ ವಿಡಿಯೊ ಕರೆ ಬಂತು. ಫಿನ್ಲೆಂಡಿನ ಔಲುವಿನಲ್ಲಿ ಬೆಳಗಿನ ಎಂಟೂವರೆ, ಮೈನಸ್ 22 ಡಿಗ್ರಿ, ಇನ್ನೂ ಕಗ್ಗತ್ತಲು. ಶಿರಸಿಯಲ್ಲಿ ಮಧ್ಯಾಹ್ನ ಹನ್ನೆರಡು, ಅಮ್ಮ ಅಡಿಗೆ ಮುಗಿಸಿ ಕೂತ ಹೊತ್ತು. ನನ್ನ ಕೈಯಲ್ಲಿದ್ದದ್ದು ಹನ್ನೊಂದು ದಿನದ ಹೊಸ ಫೋನು. ಹಸಿರು ಗುಂಡಿಯನ್ನು ಎಳೆದೆ, ಕದಲಲಿಲ್ಲ. ಉಣ್ಣೆಯ ಗ್ಲೌಸು ಕಳಚಿ ಬರಿಗೈಯಲ್ಲಿ ಎಳೆದೆ, ಆಗಲೂ ಇಲ್ಲ. ನಾಲ್ಕನೆಯ ಸಲಕ್ಕೆ ಕರೆ ನಿಂತೇ ಹೋಯಿತು. ಹಳೆಯ ಫೋನೇ ವಾಸಿಯಿತ್ತು ಎಂದು ಗೊಣಗಿಕೊಂಡು ಬಸ್ಸು ಹತ್ತಿದೆ.

ಸಂಜೆ ನಾನೇ ಕರೆ ಮಾಡಿದೆ. "ಅಷ್ಟು ದುಡ್ಡು ಕೊಟ್ಟು ತಗೊಂಡಿದ್ದು ಎತ್ತೋದಕ್ಕೂ ಬರಲ್ಲ ಅಂದ್ರೆ ಏನೇ ಮಾರಾಯ್ತಿ?" ಎಂದಳು ಅಮ್ಮ. ಬೆರಳು ಹಿಡಿಯುತ್ತಿಲ್ಲ ಎಂದೆ. "ಹೆಂಗೆ ಹಿಡೀತದೆ? ಆ ಚಳಿಗೆ ಕೈ ಮರಗಟ್ಟಿರ್ತದೆ. ಫೋನಿಗೆ ಬೆರಳಿನ ಬಿಸಿ ತಾಗಬೇಕು. ಚೆನ್ನಾಗಿ ಉಜ್ಜಿಕೊಂಡು ಒತ್ತು." ಸ್ವಲ್ಪ ತಡೆದು, ದನಿ ಇಳಿಸಿ ಹೇಳಿದಳು: "ನನ್ನ ಬೆರಳೂ ಹಿಡಿಯಲ್ಲ ಬಿಡು. ವಯಸ್ಸಾದವರ ಮೈಯಲ್ಲಿ ಬಿಸಿ ಕಡಿಮೆ ಅಂತೆ. ಪಕ್ಕದ ಮನೆಯವರು ಹೇಳಿದರು."

ಈ ಬಿಸಿಯ ಕತೆಯನ್ನು ನಾನು ಅಮ್ಮನ ಬಾಯಲ್ಲಷ್ಟೇ ಕೇಳಿದ್ದಲ್ಲ. ಎಂಜಿನಿಯರಿಂಗ್ ಓದಿದವರೂ ಸಲೀಸಾಗಿ ಹೇಳುತ್ತಾರೆ. ನಂಬಲು ಸುಲಭ ಎಂಬುದೇ ಅದರ ಬಲ. ಬೆರಳು ಬೆಚ್ಚಗಿದೆ, ಪೆನ್ನಿನ ತುದಿ ತಣ್ಣಗಿದೆ. ಬೆರಳಿಗೆ ಓಗೊಡುವ ಪರದೆ ಪೆನ್ನಿಗೆ ಕಿವಿಗೊಡುವುದಿಲ್ಲ. ಚಳಿಯಲ್ಲಿ ಬೆರಳೂ ಸೋಲುತ್ತದೆ. ಇನ್ನೇನು ಸಾಕ್ಷಿ ಬೇಕು?

ನನಗೆ ಸಾಕ್ಷಿ ಸಿಕ್ಕಿದ್ದು ಫ್ರಿಜ್ಜಿನಲ್ಲಿ. ಕೋಸಂಬರಿಗೆಂದು ತಂದ ಸೌತೆಕಾಯಿ ಅದರಲ್ಲಿ ಎರಡು ದಿನದಿಂದ ಕೂತಿತ್ತು, ಮುಟ್ಟಿದರೆ ಕೈ ಜುಮ್ಮೆನ್ನುವಷ್ಟು ತಣ್ಣಗೆ. ಒಂದು ತುದಿ ಕೊಯ್ದು, ಸಿಪ್ಪೆಯ ಕಡೆ ಹಿಡಿದುಕೊಂಡು, ಕೊಯ್ದ ಮುಖವನ್ನು ಪರದೆಗೆ ತಾಗಿಸಿದೆ. ಫೋನು ತೆರೆದುಕೊಂಡಿತು! ಆಚೆ ಈಚೆ ಎಳೆದರೆ ಪುಟಗಳು ಸರಿದವು. ಆಮೇಲೆ ಪ್ಲಾಸ್ಟಿಕ್ ಬಾಚಣಿಗೆಯೊಂದನ್ನು ಕೋಣೆ ಕಾಯಿಸುವ ರೇಡಿಯೇಟರಿನ ಮೇಲಿಟ್ಟು, ನನ್ನ ಬೆರಳಿಗಿಂತ ಬಿಸಿಯಾದ ಮೇಲೆ ತಂದು ಒತ್ತಿದೆ. ಪರದೆ ಕ್ಯಾರೇ ಅನ್ನಲಿಲ್ಲ. ಬಿಸಿ ಬಾಚಣಿಗೆ ಸೋತಿತು, ತಣ್ಣನೆಯ ಸೌತೆಕಾಯಿ ಗೆದ್ದಿತು. ಬಿಸಿಯ ವಾದ ಅಲ್ಲಿಗೆ ಮುಗಿಯಿತು. ಓದುಗರೂ ಮಾಡಿ ನೋಡಬಹುದು. ಪರದೆಯನ್ನು ಆಮೇಲೆ ಒರೆಸಿ, ಸೌತೆಕಾಯಿಯನ್ನು ತಿನ್ನದಿದ್ದರೆ ಆಯಿತು.

ಸೌತೆಕಾಯಿಗೂ ಬೆರಳಿಗೂ ಇರುವ ನಂಟು ನೀರಿನದು. ಬರೀ ನೀರಲ್ಲ, ಲವಣ ಕರಗಿದ ನೀರು. ವಿದ್ಯುತ್ತು ಅದರೊಳಗೆ ಹರಿಯಬಲ್ಲುದು. ಫೋನಿನ ಗಾಜಿನಡಿ ಕಣ್ಣಿಗೆ ಕಾಣದ ಒಂದು ಜಾಲವಿದೆ. ಹಲವು ಫೋನುಗಳಲ್ಲಿ ಅದನ್ನು ಇಂಡಿಯಮ್ ಟಿನ್ ಆಕ್ಸೈಡ್ ಎಂಬ ವಸ್ತುವಿನಿಂದ ಮಾಡುತ್ತಾರೆ. ಗಾಜಿನಂತೆ ಪಾರದರ್ಶಕ, ಲೋಹದಂತೆ ವಾಹಕ. ಇಂಥ ಎರಡು ಗುಣ ಒಂದೇ ಕಡೆ ಸೇರುವುದು ಅಪರೂಪ. ಮಗ್ಗದ ಹಾಸು ಹೊಕ್ಕಿನಂತೆ ಅಡ್ಡ ಎಳೆಗಳ ಒಂದು ಪದರ, ಉದ್ದ ಎಳೆಗಳ ಇನ್ನೊಂದು ಪದರ. ಎಳೆಗಳು ಒಂದನ್ನೊಂದು ಮುಟ್ಟುವುದಿಲ್ಲ. ಅವು ಹಾಯುವ ಒಂದೊಂದು ಜಾಗದಲ್ಲೂ ಚಿಟಿಕೆಯಷ್ಟು ವಿದ್ಯುತ್ ಕ್ಷೇತ್ರ ನಿಂತಿರುತ್ತದೆ, ಅದರ ಒಂದಿಷ್ಟು ಗಾಜನ್ನು ದಾಟಿ ಹೊರಗೂ ಚಾಚಿರುತ್ತದೆ. ಬೆರಳು ಸಮೀಪಿಸಿದರೆ ಆ ಕ್ಷೇತ್ರದ ಒಂದು ಪಾಲು ನಮ್ಮ ಮೈಯ ಕಡೆಗೆ ತಿರುಗುತ್ತದೆ. ಎಳೆಗಳ ನಡುವಿನ ಲೆಕ್ಕದಲ್ಲಿ ಅಷ್ಟು ಖೋತಾ. ಎಲ್ಲಿ ಖೋತಾ ಆಯಿತೋ ಅಲ್ಲಿ ಬೆರಳಿದೆ ಎಂದು ಚಿಪ್ಪು ತೀರ್ಮಾನಿಸುತ್ತದೆ.

ಆ ಖೋತಾ ಎಷ್ಟು ಗೊತ್ತೇ? ಒಂದು ಪಿಕೊಫ್ಯಾರಡ್‌ಗೂ ಕಡಿಮೆ, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯವನ್ನು ಅಳೆಯುವ ಫ್ಯಾರಡ್ ಎಂಬ ಮಾನದ ಲಕ್ಷ ಕೋಟಿಯ ಒಂದು ಪಾಲಿಗಿಂತ ಚಿಕ್ಕದು. ಇಂಥ ಲೆಕ್ಕವನ್ನು ಅಷ್ಟೂ ಜಾಗಗಳಲ್ಲಿ ಸೆಕೆಂಡಿಗೆ ಹತ್ತಾರು ಸಲ ಹಾಕಬೇಕು, ಅದೂ ಪಕ್ಕದಲ್ಲೇ ಚಾರ್ಜರು, ಕೆಳಗೇ ಮಿನುಗುವ ಡಿಸ್‌ಪ್ಲೇ ಗದ್ದಲ ಹಾಕುತ್ತಿರುವಾಗ. ಜಾತ್ರೆಯ ನಡುವೆ ನಿಂತು ಸೂಜಿ ಬಿದ್ದ ಸದ್ದು ಆಲಿಸಿದಂತೆ. ನನ್ನನ್ನು ಬೆರಗಾಗಿಸುವುದು ಇನ್ನೂ ಒಂದಿದೆ. ಇಡೀ ದಿನ ಫೋನನ್ನು ಮುಟ್ಟುತ್ತೇವೆ ಅಂದುಕೊಳ್ಳುತ್ತೇವಲ್ಲ, ಆ ಎಳೆಗಳನ್ನು ನಮ್ಮ ಬೆರಳು ಒಮ್ಮೆಯೂ ಮುಟ್ಟಿಲ್ಲ. ನಡುವೆ ಗಾಜಿದೆ. ಗಾಜು ಅವಾಹಕ. ನಾವು ಮುಟ್ಟುವುದು ಗಾಜನ್ನು, ಪರದೆಗೆ ತಿಳಿಯುವುದು ನಾವು ಹತ್ತಿರ ಬಂದದ್ದು. ಎಷ್ಟು ಬಲವಾಗಿ ಒತ್ತಿದೆವು ಎಂಬುದು ಅದಕ್ಕೆ ಬೇಕಿಲ್ಲ. ಸಿಟ್ಟಿನಿಂದ ಕುಟ್ಟುವವರು ಇದನ್ನು ಗಮನಿಸಬೇಕು.

ಇಂಥ ಪರದೆಯ ವಿಚಾರವನ್ನು 1965ರಲ್ಲೇ ಇಂಗ್ಲೆಂಡಿನ ಮಾಲ್ವರ್ನ್‌ನ ರಾಡಾರ್ ಸಂಶೋಧನಾಲಯದಲ್ಲಿ ಇ. ಎ. ಜಾನ್ಸನ್ ಮುಂದಿಟ್ಟಿದ್ದರು. ಅವರ ತಲೆಯಲ್ಲಿದ್ದದ್ದು ವಿಮಾನ ಸಂಚಾರ ನಿಯಂತ್ರಕರು. ಬೆಚ್ಚನೆಯ ಕೋಣೆಯೊಳಗೆ ಬರಿಗೈಯಲ್ಲಿ ಕೂತ ಅವರಿಗೆ ಗ್ಲೌಸಿನ ತೊಂದರೆ ಎಲ್ಲಿಯದು?

ತೊಂದರೆ ಗೊತ್ತಿದ್ದದ್ದು ಫಿನ್ಲೆಂಡಿಗೆ. ನೋಕಿಯಾದ ತವರು ಇದು. ಫೋನಿಗೆ ಕೈಹಾಕುವ ಮೊದಲು ಹಿಮದಲ್ಲಿ ನಡೆಯುವ ರಬ್ಬರ್ ಬೂಟನ್ನೂ ಮಾಡಿದ ಕಂಪನಿ. 2008ರಲ್ಲಿ ಅವರು ತಂದ 5800 ಎಂಬ ಫೋನಿನಲ್ಲಿ ಹಳೆಯ ಬಗೆಯ, ಒತ್ತಡಕ್ಕೆ ಓಗೊಡುವ ಪರದೆಯಿತ್ತು. ಮೇಲಿನ ಪದರ ಬಾಗಿ ಕೆಳಗಿನದಕ್ಕೆ ತಾಗಿದರೆ ಸಾಕು. ಉಗುರೋ ಕಡ್ಡಿಯೋ ಗ್ಲೌಸೋ ಅದಕ್ಕೆಲ್ಲ ಒಂದೇ. ಪೆಟ್ಟಿಗೆಯಲ್ಲಿ ಗಿಟಾರ್ ಮೀಟುವ ಬಿಲ್ಲೆಯಂಥದೊಂದನ್ನೂ ಇಟ್ಟುಕೊಡುತ್ತಿದ್ದರು. ಆದರೆ ಬೆರಳಿನ ನವಿರು ಚಲನೆಗೆ ಅದು ಒಗ್ಗಲಿಲ್ಲ, ಕಾಲ ಅದನ್ನು ಬಿಟ್ಟು ಮುಂದೆ ಹೋಯಿತು. 2012ರ ಲೂಮಿಯಾ 920 ಬಂದಾಗ ಹೊಸ ಬಗೆಯ ಪರದೆಯನ್ನೇ ಗ್ಲೌಸಿನ ಮೇಲಿಂದಲೂ ಬೆರಳನ್ನು ಗುರುತಿಸುವಷ್ಟು ಚುರುಕು ಮಾಡಿದ್ದರು. ಈಗಿನ ಕೆಲವು ಫೋನುಗಳಲ್ಲೂ ಆ ಸವಲತ್ತಿದೆ, ಸೆಟ್ಟಿಂಗ್ಸಿನಲ್ಲಿ ಎಲ್ಲೋ ಮೂಲೆಯಲ್ಲಿ. ನನ್ನದರಲ್ಲಿ ಹುಡುಕಿದೆ, ಇರಲಿಲ್ಲ.

2010ರ ಚಳಿಗಾಲದಲ್ಲಿ ದಕ್ಷಿಣ ಕೊರಿಯಾದ ಜನ ಗ್ಲೌಸು ಕಳಚದೆ ಸಣ್ಣ ಸಾಸೇಜುಗಳಿಂದ ಫೋನು ಒತ್ತುತ್ತಿದ್ದಾರೆಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆಗ ನಕ್ಕಿದ್ದೆ. ಸೌತೆಕಾಯಿಯ ಪ್ರಯೋಗವಾದ ಮೇಲೆ ಅದರಲ್ಲೊಂದು ಒಗಟು ಕಂಡಿತು. ಗ್ಲೌಸು ಹಾಕಿದ ಕೈಯಲ್ಲೇ ತಾನೆ ಅವರು ಸಾಸೇಜು ಹಿಡಿದದ್ದು? ಬೆರಳಿಗೂ ಪರದೆಗೂ ನಡುವೆ ಉಣ್ಣೆ ಬಂದರೆ ಕೆಡುವ ಕೆಲಸ, ಕೈಗೂ ಸಾಸೇಜಿಗೂ ನಡುವೆ ಅದೇ ಉಣ್ಣೆ ಬಂದರೆ ಯಾಕೆ ಕೆಡುವುದಿಲ್ಲ? ಗ್ಲೌಸು ತೊಟ್ಟು ಸೌತೆಕಾಯಿ ಹಿಡಿದು ನೋಡಿದೆ. ಕೆಲಸ ಮಾಡಿತು.

ಉತ್ತರ ಇರುವುದು ವಿಸ್ತಾರದಲ್ಲಿ. ಬೆರಳ ತುದಿ ಪರದೆಯ ಮುಂದೆ ಒಡ್ಡುವುದು ಕಡಲೆಕಾಳಿನಷ್ಟು ಜಾಗ. ಅಷ್ಟರಲ್ಲಿ ಎರಡು ಮಿಲಿಮೀಟರ್ ಉಣ್ಣೆ ಅಡ್ಡ ಬಂದರೆ ಕೊಂಡಿಯೇ ತಪ್ಪುತ್ತದೆ. ಸೌತೆಕಾಯಿಯ ಸುತ್ತ ಇಡೀ ಅಂಗೈ, ಐದೂ ಬೆರಳು ಸುತ್ತಿಕೊಂಡಿರುತ್ತವೆ. ಎದುರುಬದುರಾದ ಜಾಗ ಹತ್ತಾರು ಪಟ್ಟು ದೊಡ್ಡದು. ಉಣ್ಣೆ ನಡುವೆ ಇದ್ದರೂ ಮೈಗೂ ಕಾಯಿಗೂ ಸಾಕಷ್ಟು ಸಂಬಂಧ ಉಳಿಯುತ್ತದೆ. ಪರದೆಯ ಕಡೆ ಕಾಯಿಯ ಒದ್ದೆ ಮುಖ ನೇರವಾಗಿ ಗಾಜಿಗೇ ಕೂತಿರುತ್ತದೆ. ಅಂಗಡಿಯಲ್ಲಿ ಮಾರುವ ಟಚ್ ಗ್ಲೌಸುಗಳು ಇದನ್ನೇ ನಾಜೂಕಾಗಿ ಮಾಡುತ್ತವೆ, ತುದಿಯಲ್ಲಿ ಬೆಳ್ಳಿ ಲೇಪಿಸಿದ ನೂಲೋ ತಾಮ್ರದ ಎಳೆಯೋ ಸೇರಿಸಿ.

ಹಾಗಾದರೆ ಆ ಬೆಳಿಗ್ಗೆ ಬರಿಬೆರಳೂ ಸೋತದ್ದೇಕೆ? ಚಳಿಯ ಗಾಳಿ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ನೀರಾವಿ ಹೊರಬಲ್ಲುದು. ಮೈನಸ್ 22ರ ಗಾಳಿ ಒಂದು ಗ್ರಾಮನ್ನೂ ಹೊರಲಾರದು. ಅದೇ ಗಾಳಿ ಮನೆಯೊಳಗೆ ಬಂದು ರೇಡಿಯೇಟರಿನಿಂದ ಬಿಸಿಯಾದರೆ ಮರುಭೂಮಿಯ ಗಾಳಿ. ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಕಿಡಿ ಹಾರುತ್ತದೆ, ಬೆರಳ ತುದಿಯ ಹೊರಚರ್ಮ ಒಣಗಿ ತೊಗಟೆಯಾಗುತ್ತದೆ. ಚಳಿಗೆ ರಕ್ತನಾಳಗಳು ಮುದುಡುತ್ತವೆ, ಬೆವರೂ ನಿಲ್ಲುತ್ತದೆ. ಶಿರಸಿಯ ಆಷಾಢದಲ್ಲಿ ಬಟ್ಟೆ ವಾರವಾದರೂ ಒಣಗದೆ ಗೋಳಾಡಿಸುವ ಪಸೆ ಇದೆಯಲ್ಲ, ಅದರ ಒಂದು ಚೂರು ಇಲ್ಲಿ ಇದ್ದಿದ್ದರೆ ಸಾಕಿತ್ತು. ಚಳಿ ನನ್ನ ಬೆರಳಿನಿಂದ ಕಿತ್ತುಕೊಂಡದ್ದು ಬಿಸಿಯನ್ನು ಮಾತ್ರವಲ್ಲ, ಪಸೆಯನ್ನೂ. ಫೋನಿಗೆ ಬೇಕಿದ್ದದ್ದು ಎರಡನೆಯದು.

ಅಮ್ಮನದು ಬೇರೆ ದಾರಿಯಿಂದ ಬಂದ ಅದೇ ತೊಂದರೆ. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದ ಕೈ ಅದು. ಚೊಗರು ಕೂತು ಹೆಬ್ಬೆರಳು, ತೋರುಬೆರಳು ಕಪ್ಪಾಗಿವೆ, ತುದಿಗಳು ಜಡ್ಡುಗಟ್ಟಿವೆ. ಜಡ್ಡೆಂದರೆ ಸತ್ತ, ಒಣಗಿದ ಕೋಶಗಳ ಪದರ. ವಿದ್ಯುತ್ತಿನ ಕಣ್ಣಿಗೆ ಅದೊಂದು ಹುಟ್ಟುಗ್ಲೌಸು, ಕಳಚಲು ಬಾರದ್ದು. ಪರದೆ ಮಾಡಿದವರ ಮನಸ್ಸಿನಲ್ಲಿದ್ದದ್ದು ಮೆತ್ತನೆಯ ಬೆರಳು. ಗಾರೆ ಕೆಲಸದವರು, ವೀಣೆ ನುಡಿಸುವವರು, ಗುದ್ದಲಿ ಹಿಡಿಯುವವರು ಯಾರೂ ಅದರಲ್ಲಿ ಇದ್ದಂತಿಲ್ಲ. ವಯಸ್ಸಾದ ರಕ್ತದಲ್ಲಿ ಬಿಸಿಯಿಲ್ಲ ಎಂದು ಅಮ್ಮ ತನ್ನನ್ನೇ ಹಳಿದುಕೊಂಡಿದ್ದು ನನಗೆ ನುಂಗಲಾರದ ತುತ್ತಾಯಿತು.

ಅದಕ್ಕಿಂತ ಸಿಟ್ಟು ಬಂದದ್ದು ಅಂಗಡಿಯವನೊಬ್ಬನ ಮೇಲೆ. ಫೋನಿನ ಕಿರಣ ಬೆರಳಿನ ಸತ್ವ ಹೀರುತ್ತದೆ, ಅದಕ್ಕೇ ಹಿಡಿಯುವುದಿಲ್ಲ ಎಂದು ಹೇಳಿ ಅಮ್ಮನಿಗೆ ನಾಣ್ಯದಷ್ಟಗಲದ ಚಿನ್ನದ ಬಣ್ಣದ ಸ್ಟಿಕ್ಕರೊಂದನ್ನು ಅಂಟಿಸಿ ಕಳಿಸಿದ್ದಾನೆ. ಕಿರಣ ತಡೆಯುವ ಚಿಪ್ಪಂತೆ. ಮುನ್ನೂರು ರೂಪಾಯಿ! ಫೋನಿನ ರೇಡಿಯೊ ಅಲೆಗೂ ಟಚ್ಚಿಗೂ ಸಂಬಂಧವೇ ಇಲ್ಲ. ಅದಿರಲಿ, ಆ ಸ್ಟಿಕ್ಕರು ನಿಜಕ್ಕೂ ಅಲೆಗಳನ್ನು ತಡೆದಿದ್ದರೆ ಅಮ್ಮನಿಗೆ ಸಿಗ್ನಲ್ಲೇ ಬರುತ್ತಿರಲಿಲ್ಲ, ಈ ಕತೆ ನನಗೆ ಹೇಳಲೂ ಆಗುತ್ತಿರಲಿಲ್ಲ. ಕೇಳಿಸಿಕೊಂಡು ಅಮ್ಮ ನಕ್ಕಳು. ಸ್ಟಿಕ್ಕರು ಮಾತ್ರ ಕಿತ್ತಿಲ್ಲ, ಹೊಳೆಯುತ್ತದಂತೆ.

ಮದ್ದು ಅಮ್ಮನ ಬಳಿಯೇ ಇತ್ತು. ಪಂಚಾಂಗದ ಹಾಳೆ ತಿರುಗಿಸಲು ಬೆರಳನ್ನು ನಾಲಿಗೆಗೆ ತಾಗಿಸುವುದು ಅವಳ ರೂಢಿ. ಎಂಜಲು ಮಾಡಬೇಡ ಎಂದು ನಾನೇ ಎಷ್ಟೋ ಸಲ ಬೈದಿದ್ದೇನೆ. ಈಗ ನಾನೇ ಹೇಳಿದೆ, ಹಾಗೆ ಮಾಡಿ ಒತ್ತಿ ನೋಡು. ಒತ್ತಿದಳು, ಹಿಡಿಯಿತು. ಉಪ್ಪುಪ್ಪು ಎಂಜಲು ಜಡ್ಡಿನ ಸಂದುಗಳನ್ನು ತುಂಬಿ, ಗಾಜಿನ ಮೇಲೆ ಅಗಲವಾಗಿ ಕೂತಿತು. ಎಂಜಲು ಬೇಡವೆಂದರೆ ಬ್ಯಾಂಕಿನ ಕ್ಯಾಶಿಯರುಗಳ ಮೇಜಿನ ಮೇಲೆ ನೋಟು ಎಣಿಸಲು ಒದ್ದೆ ಸ್ಪಂಜಿನ ಡಬ್ಬಿ ಇರುತ್ತದಲ್ಲ, ಅಂಥದೊಂದು ಸಾಕು. ತೆಂಗಿನೆಣ್ಣೆ ಆಗದೇ ಎಂದು ಕೇಳಿದಳು. ಎಣ್ಣೆ ಅವಾಹಕ, ಹಚ್ಚಿದ ತಕ್ಷಣ ಉಪಯೋಗವಿಲ್ಲ. ರಾತ್ರಿ ಸವರಿ ಮಲಗಿದರೆ ಚರ್ಮದ ನೀರು ಆರದಂತೆ ತಡೆದು ಬೆಳಗಿಗೆ ಸ್ವಲ್ಪ ನೆರವಾದೀತು. ಇಲ್ಲಿ ನನ್ನ ಅಡಿಗೆಮನೆಯಲ್ಲಿ ಅದು ಸದಾ ಗಟ್ಟಿ, ಚಮಚದಲ್ಲಿ ಕೆತ್ತಬೇಕು.

ಹೊಸ ಫೋನಿಗೆ ಒಗ್ಗಿಕೊಳ್ಳುವಾಗ ಚಳಿ ಇನ್ನೊಂದು ಆಟವನ್ನೂ ಆಡಿತು. ನೂರಕ್ಕೆ 41 ಚಾರ್ಜು ಇದ್ದ ಫೋನು ನಡುರಸ್ತೆಯಲ್ಲಿ ಕಣ್ಣು ಮುಚ್ಚಿತು. ಮನೆಗೆ ಬಂದು ಅರ್ಧ ಗಂಟೆ ಬಿಟ್ಟು ಒತ್ತಿದರೆ, ಚಾರ್ಜರಿಗೆ ಹಾಕದೆಯೇ, 38 ಎಂದು ತೋರಿಸುತ್ತ ಎದ್ದಿತು. ಲಿಥಿಯಂ ಬ್ಯಾಟರಿಯೊಳಗಿನ ದ್ರಾವಣ ಚಳಿಗೆ ಜೋನಿಬೆಲ್ಲದ ಹಾಗೆ ಮಂದವಾಗುತ್ತದೆ. ಅಯಾನುಗಳು ಅದರಲ್ಲಿ ಈಜಲಾರದೆ ತೆವಳುತ್ತವೆ. ಸರಕು ಒಳಗೇ ಇದೆ, ಕೇಳಿದಷ್ಟು ಬೇಗ ಹೊರಗೆ ಬರುತ್ತಿಲ್ಲ. ವೋಲ್ಟೇಜು ಕುಸಿದದ್ದು ಕಂಡು ಫೋನು ತಾನೇ ಆರಿಕೊಳ್ಳುತ್ತದೆ. ಹೆಪ್ಪುಗಟ್ಟುವಷ್ಟು ತಣ್ಣಗಾದ ಫೋನನ್ನು ಒಳಗೆ ಬಂದೊಡನೆ ಚಾರ್ಜಿಗೆ ಹಾಕುವುದು ಮಾತ್ರ ತಪ್ಪು. ಆಗ ಲಿಥಿಯಂ ಸೇರಬೇಕಾದಲ್ಲಿ ಸೇರದೆ ಲೋಹವಾಗಿ ಮೇಲೆಯೇ ಕೂತುಬಿಡುತ್ತದೆ, ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ. ಮೊದಲು ಕೋಟಿನ ಒಳಜೇಬು, ಆಮೇಲೆ ಚಾರ್ಜರು. ಈ ಒಂದು ಕಡೆ ಮಾತ್ರ ಅಮ್ಮನ ಬಿಸಿಯ ವಾದ ಗೆಲ್ಲುತ್ತದೆ.

ಕಳೆದ ಮಂಗಳವಾರ ಅದೇ ನಿಲ್ದಾಣ, ಅದೇ ಹೊತ್ತು, ಮತ್ತೆ ಅಮ್ಮನ ಕರೆ. ಕೈಯಲ್ಲಿ ದಪ್ಪ ಗ್ಲೌಸು, ಚೀಲದಲ್ಲಿ ಸೌತೆಕಾಯಿಯಿಲ್ಲ. ಮುಖದಲ್ಲಿ ಬಟ್ಟೆ ಸುತ್ತದೆ ಉಳಿದಿದ್ದ, ಮೈಯಲ್ಲೇ ಅತಿ ತಣ್ಣಗಿದ್ದ, ಆದರೆ ಸದಾ ಸೋರುವ ಅಂಗವೊಂದು ನೆನಪಾಯಿತು. ಫೋನನ್ನು ಮುಖದ ಹತ್ತಿರ ತಂದು ಮೂಗಿನ ತುದಿಯಿಂದ ಹಸಿರು ಗುಂಡಿಯನ್ನು ಎಳೆದೆ. ಒಂದೇ ಸಲಕ್ಕೆ ಎತ್ತಿತು. ಪಕ್ಕದಲ್ಲಿದ್ದ ಫಿನ್ನಿಶ್ ಅಜ್ಜ ಏನೂ ಕಾಣದವರ ಹಾಗೆ ರಸ್ತೆ ನೋಡುತ್ತ ನಿಂತರು. ಅಮ್ಮನ ಪರದೆಯ ತುಂಬ ಎರಡು ಹೊಳ್ಳೆಗಳು.

"ಇದೇನೇ ಮೂಗು ಇಷ್ಟು ಕೆಂಪಗೆ!" ಎಂದಳು. "ಶುಂಠಿ ಜಜ್ಜಿ ಕಷಾಯ ಮಾಡ್ಕೊಂಡು ಕುಡಿ."