ಕಡಲ ಕೆಸರಿನಲ್ಲಿ ತಾಮ್ರ

ಹೊಲಕ್ಕೆ ಎರೆಹುಳು ಹೇಗೋ, ಕಡಲ ತಳದ ಕೆಸರಿಗೆ ಅಲ್ಲಿನ ಹುಳುಗಳೂ ಚಿಪ್ಪುಜೀವಿಗಳೂ ಹಾಗೆ. ಕೆಸರನ್ನು ಮಗುಚುವವು ಅವೇ. ಮೀನಿಗೆ, ಹಕ್ಕಿಗೆ ಆಹಾರವೂ ಅವೇ. ಆ ಕೆಸರಿಗೆ ತಾಮ್ರ ಸೇರಿದರೆ ಏನಾಗ್ತದೆ?

ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಸಂಗತಿ ಕೇಳಿ. ಅಲ್ಲಿ ಹಳೆಯ ಗಣಿಗಳ ನೀರು ಹೊಳೆಯಲ್ಲಿ ಹರಿದು ರೆಸ್ಟ್ರಾಂಗೆಟ್ ಅಳಿವೆಗೆ ಇಳಿಯಿತು. ಎಲೆ ಕೊಳೆತು ಗೊಬ್ಬರವಾಗ್ತದೆ. ತಾಮ್ರ ಕೊಳೆಯೋದಿಲ್ಲ, ಕೆಸರಲ್ಲೇ ಉಳೀತದೆ. ಚಿಪ್ಪುಜೀವಿಗಳು ಅಲ್ಲಿ ವಿರಳವಾದವು. ಒಂದು ಬಗೆಯ ಹುಳು ಮಾತ್ರ ತಾಮ್ರಕ್ಕೆ ಒಗ್ಗಿಕೊಂಡಿದ್ದನ್ನು ವಿಜ್ಞಾನಿಗಳು 1971ರಲ್ಲಿ ತಿಳಿಸಿದರು. ಆದರೆ ಅದರ ಮೈಯಲ್ಲೇ ತಾಮ್ರ ಸೇರಿಕೊಂಡಿತ್ತು. ಆದ್ದರಿಂದ ಹುಳು ಕಂಡ ಮಾತ್ರಕ್ಕೆ ಕೆಸರು ಚೊಕ್ಕಟವೆನ್ನಲಾಗದು. ಎಷ್ಟು ಬಗೆಯ ಜೀವಿಗಳು ಉಳಿದಿವೆ ಅಂತ ನೋಡಬೇಕು.

ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಮೈಲುತುತ್ತದಲ್ಲೂ ತಾಮ್ರವೇ ಇರೋದು. ಮಿಕ್ಕ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಬೇಡಿ. ಹಳ್ಳದ ದಾರಿ ಕೊನೆಗೆ ಕಡಲಿಗೇ.